ಕೋರ್ಸು ಗೀರ್ಸು

ಡಾಕ್ಟರ ಕೈಬರಹ ಓದುವುದರಲ್ಲಿ ನನ್ನನ್ನು ಮೀರಿಸುವವರು ತ್ಯಾಗರಾಜನಗರದಲ್ಲಿ ಇಲ್ಲ ಎಂಬ ಜಂಬ ನನಗೆ ಬಹಳ ದಿನ ಇತ್ತು. ಇಪ್ಪತ್ತಾರು ವರ್ಷದಿಂದ ಮೆಡಿಕಲ್ ಸ್ಟೋರ್ ನಡೆಸುತ್ತಿರುವವನಿಗೆ ಅಷ್ಟಾದರೂ ಇರಬೇಡವೇ? ಚೀಟಿಯಲ್ಲಿ ಒಂದು ಸೊನ್ನೆ, ಅದಕ್ಕೊಂದು ಬಾಲ, ಮೇಲೊಂದು ಗೆರೆ ಇದ್ದರೆ ಸಾಕು. ಇದು ಅಸಿಡಿಟಿ ಮಾತ್ರೆ, ಊಟಕ್ಕೆ ಮುಂಚೆ, ಐದು ದಿನ ಎಂದು ಹೇಳಿಬಿಡುತ್ತೇನೆ. ಒಮ್ಮೆ ಒಬ್ಬ ಡಾಕ್ಟರೇ ತಾವು ಹಿಂದಿನ ವಾರ ಬರೆದದ್ದು ಏನೆಂದು ನನಗೆ ಫೋನ್ ಮಾಡಿ ಕೇಳಿ ತಿಳಿದುಕೊಂಡಿದ್ದರು. ಇಂಥ ನಾನು ಕಳೆದ ಜುಲೈನ ಒಂದು ಭಾನುವಾರ ಮಧ್ಯಾಹ್ನ, ಸ್ಪಷ್ಟವಾಗಿ ಅಚ್ಚಾದ ಮೂವತ್ತೆಂಟು ಪುಟಗಳ ಮುಂದೆ ಕೂತು, ಒಂದು ಸಾಲೂ ತಲೆಗೆ ಹತ್ತದೆ ಪೆಚ್ಚಾದೆ. ಅದು ನನ್ನ ಮಗಳು ಸೇರಿದ್ದ ವಿಶ್ವವಿದ್ಯಾಲಯದ ಕೋರ್ಸುಗಳ ಪಟ್ಟಿ.

ಮಗಳ ಹೆಸರು ಚಿನ್ಮಯಿ. ಮನೆಯಲ್ಲಿ ಚಿನ್ನಿ. ಪಿಯುಸಿ ಮುಗಿಸಿ, ಊರಾಚೆಯ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಲಿಂಗ್ವಿಸ್ಟಿಕ್ಸು, ಕಂಪ್ಯೂಟರ್ ಸೈನ್ಸು ಎರಡನ್ನೂ ಸೇರಿಸಿ ಓದುವ ಪದವಿಗೆ ಅರ್ಜಿ ಹಾಕಿದಳು, ಸೀಟೂ ಸಿಕ್ಕಿತು. ಇಂಥದ್ದೊಂದು ಜೋಡಿ ಲೋಕದಲ್ಲಿ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಇಡ್ಲಿಯ ಜೊತೆ ಉಪ್ಪಿನಕಾಯಿ ಕೊಟ್ಟಂತೆ ಅನ್ನಿಸಿತು. ಅಂಗಡಿಗೆ ಬರುವವರು "ಮಗಳು ಏನ್ ಓದ್ತಿದಾಳೆ ಸಾರ್?" ಎಂದು ಕೇಳಿದರೆ ಮೊದಮೊದಲು ಹೆಮ್ಮೆಯಿಂದ ಪೂರ್ತಿ ಹೆಸರು ಹೇಳುತ್ತಿದ್ದೆ. ಒಬ್ಬರು, "ಲಾಜಿಸ್ಟಿಕ್ಸಾ? ಒಳ್ಳೇದು ಬಿಡಿ. ನನ್ನ ಷಡ್ಡಕನ ಲಾರಿ ಓಡೋದೂ ಅದರಲ್ಲೇ" ಎಂದರು. ಕನ್ನಡದಲ್ಲಿ ಹೇಳಿದರೆ ಸರಿಹೋದೀತೆಂದು ಭಾಷಾವಿಜ್ಞಾನ ಎಂದೆ. "ಹಾಗಾದ್ರೆ ಎಷ್ಟು ಭಾಷೆ ಬರುತ್ತೆ ಅವಳಿಗೆ?" ಎಂಬ ಪ್ರಶ್ನೆ ಬಂತು. ಮೂರು ಬರುತ್ತದೆ, ಮನೆಯಲ್ಲಿ ಮೂರರಲ್ಲೂ ಮಾತಾಡುವುದಿಲ್ಲ ಎಂದು ಉತ್ತರ ಕೊಟ್ಟೆ. ಆಮೇಲೆ ಬರೀ "ಕಂಪ್ಯೂಟರ್" ಎನ್ನತೊಡಗಿದೆ. ಎಲ್ಲರಿಗೂ ಸಮಾಧಾನವಾಯಿತು.

ಆರಿಸಿಕೊಳ್ಳುವ ವಿಷಯದಲ್ಲಿ ನಾನು ಯಾರಿಗೂ ಬುದ್ಧಿ ಹೇಳುವ ಹಾಗಿಲ್ಲ. ನನ್ನ ಕಾಲದಲ್ಲಿ ಚಿತ್ರದುರ್ಗದಿಂದ ಬಂದು ಬೆಂಗಳೂರಿನ ಒಂದು ಕಾಲೇಜಿನಲ್ಲಿ ಅರ್ಜಿ ಕೊಡಲು ನಿಂತಿದ್ದೆ. ಸೋದರಮಾವ ಜೊತೆಗಿದ್ದರು. ಒಂದು ಕಿಟಕಿ ಬಿಎಸ್ಸಿಗೆ, ಒಂದು ಬಿಕಾಂಗೆ, ಇನ್ನೊಂದು ಡಿಪ್ಲೊಮಾ ಇನ್ ಫಾರ್ಮಸಿಗೆ. ಮೊದಲೆರಡು ಕಿಟಕಿಯ ಸಾಲು ಬಿಸಿಲಿನಲ್ಲಿತ್ತು. ಮೂರನೆಯದರ ಮುಂದೆ ಹೊಂಗೆ ಮರದ ನೆರಳು. ಮಾವ ಪಂಚೆಯ ತುದಿಯಿಂದ ಹಣೆ ಒರೆಸಿಕೊಂಡು, "ಇಲ್ಲೇ ನಿಂತ್ಕೊಳೋ ಬಸವರಾಜ" ಎಂದರು. ನಿಂತುಕೊಂಡೆ. ಮೂವತ್ತು ವರ್ಷವಾಯಿತು, ಈಗಲೂ ಯಾರಾದರೂ ಈ ವೃತ್ತಿಗೆ ಹೇಗೆ ಬಂದಿರಿ ಎಂದು ಕೇಳಿದರೆ ಜನಸೇವೆ ಗಿನಸೇವೆ ಎಂದು ಏನೋ ಹೇಳುತ್ತೇನೆ. ಹೊಂಗೆ ಮರದ ವಿಷಯ ಹೇಳುವುದಿಲ್ಲ.

ಚಿನ್ನಿಗೆ ನೆರಳು ನೋಡಿ ನಿಲ್ಲುವ ಅವಕಾಶ ಇರಲಿಲ್ಲ. ಮೊದಲ ಸೆಮಿಸ್ಟರಿಗೆ ಐದು ಕೋರ್ಸು. ಅದರಲ್ಲಿ ಎರಡು ಎಲ್ಲರಿಗೂ ಕಡ್ಡಾಯ, ಮೂರು ಅವರವರ ಇಷ್ಟ. ಇನ್ನು ಎಂಟು ದಿನಕ್ಕೆ, ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ವೆಬ್‌ಸೈಟು ತೆರೆಯುತ್ತದೆ, ಮೊದಲು ಒತ್ತಿದವರಿಗೆ ಸೀಟು. ಆ ಭಾನುವಾರ ನನ್ನ ಹೆಂಡತಿ ಉಮಾ ಬನಶಂಕರಿಯಲ್ಲಿರುವ ತಂಗಿಯ ಮನೆಗೆ ಹೋಗಿದ್ದಳು. ಜೆಪಿ ನಗರದ ನಮ್ಮ ಎರಡನೇ ಮಹಡಿಯ ಮನೆಯಲ್ಲಿ ನಾನು, ಚಿನ್ನಿ ಇಬ್ಬರೇ ಊಟದ ಟೇಬಲ್ಲಿನ ಮೇಲೆ ಆ ಮೂವತ್ತೆಂಟು ಪುಟ ಹರಡಿಕೊಂಡು ಕೂತಿದ್ದೆವು.

ಹೆಸರುಗಳೇನೋ ಸೊಗಸಾಗಿದ್ದವು. ನಕ್ಷೆಗಳ ಇತಿಹಾಸ ಅಂತೆ. ನಗರದಲ್ಲಿ ನಡೆದಾಡುವುದು ಅಂತೆ. ಸುಳ್ಳಿನ ತತ್ತ್ವಶಾಸ್ತ್ರ ಅಂತೆ. "ಇದಕ್ಕೂ ಕ್ಲಾಸಿಗೆ ಹೋಗ್ಬೇಕಾ? ನಮ್ಮ ಲೇಔಟ್ ಅಸೋಸಿಯೇಷನ್ ಮೀಟಿಂಗಿಗೆ ಬಂದ್ರೆ ಸಾಲ್ದಾ?" ಎಂದೆ. ಚಿನ್ನಿ ನಗಲಿಲ್ಲ. ಅವಳು ಆಗಲೇ ಒಂದು ಹಾಳೆಯಲ್ಲಿ ತನ್ನ ಮೂರನ್ನು ಬರೆದಿಟ್ಟುಕೊಂಡಿದ್ದಳು. ಒಂದು, ಭಾಷಾವಿಜ್ಞಾನ ಪ್ರವೇಶ. ಎರಡು, ಪ್ರೋಗ್ರಾಮಿಂಗ್. ಮೂರು, ತಮಿಳು ಕಲಿಯುವವರಿಗೆ. ತಮಿಳಿನ ಮುಂದೆ ಒಂದು ನಕ್ಷತ್ರ ಬಿಡಿಸಿದ್ದಳು.

ಔಷಧದ ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ ಇರುವುದನ್ನು ಎಲ್ಲರೂ ಓದುತ್ತಾರೆ, ನನ್ನ ಕೆಲಸ ಸಣ್ಣಕ್ಷರ ಓದುವುದು. ಅಭ್ಯಾಸಬಲದಿಂದ ಅವಳ ವಿಭಾಗದ ಪುಟದ ಕೆಳಗೆ ಕಣ್ಣು ಹೋಯಿತು. ಎರಡೂ ವಿಷಯ ಸೇರಿಸಿ ಓದುವವರು ಮೊದಲ ವರ್ಷದಲ್ಲೇ ಡಿಸ್ಕ್ರೀಟ್ ಮ್ಯಾಥಮ್ಯಾಟಿಕ್ಸ್ ಮುಗಿಸಬೇಕು, ಆ ಕೋರ್ಸು ಮೊದಲ ಸೆಮಿಸ್ಟರಿನಲ್ಲಿ ಮಾತ್ರ ಇರುತ್ತದೆ ಎಂದಿತ್ತು.

"ಚಿನ್ನಿ, ಇದು ನಿನ್ನ ಲಿಸ್ಟಲ್ಲಿ ಇಲ್ಲವಲ್ಲ?"

"ಮುಂದಿನ ಸೆಮ್ ಮಾಡ್ತೀನಿ."

"ಮುಂದಿನ ಸೆಮ್ ಇರಲ್ಲ ಅಂತ ಬರೆದಿದಾರೆ. ನೋಡಿಲ್ಲಿ."

ಅವಳು ನೋಡಲಿಲ್ಲ. ನೋಡುವ ಅಗತ್ಯ ಅವಳಿಗಿರಲಿಲ್ಲ ಎಂಬುದು ಮುಖ ನೋಡಿದಾಗ ತಿಳಿಯಿತು. ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದಳು.

"ಅಪ್ಪಾ, ಇದು ತಗೊಳ್ಳಿಲ್ಲ ಅಂದ್ರೆ ಏನಾಗುತ್ತೆ ಗೊತ್ತಾ? ಕಂಪ್ಯೂಟರ್ ಸೈನ್ಸ್ ಬಿಟ್ಟು ಹೋಗುತ್ತೆ. ಬರೀ ಲಿಂಗ್ವಿಸ್ಟಿಕ್ಸ್ ಉಳಿಯುತ್ತೆ. ಪರವಾಗಿಲ್ಲ ನಂಗೆ."

"ಪ್ರೋಗ್ರಾಮಿಂಗ್ ಅಂದ್ರೆ ಪ್ರಾಣ ಬಿಡ್ತೀಯ. ಪರವಾಗಿಲ್ಲ ಅಂದ್ರೆ ಹೆಂಗೆ? ಮ್ಯಾತ್ಸಲ್ಲಿ ತೊಂಬತ್ತಾರು ತೆಗೆದವಳು ನೀನು."

"ಅದೇ ಅಪ್ಪಾ ಪ್ರಾಬ್ಲಮ್ಮು. ತೊಂಬತ್ತಾರು ಬಂತು. ಅರ್ಥ ಒಂದೂ ಆಗಿಲ್ಲ. ಅಮ್ಮ ಮಾಡಿಸಿದ ಲೆಕ್ಕಗಳನ್ನ ಹಂಗಂಗೇ ನೆನಪಿಟ್ಕೊಂಡು ಬರೆದೆ. ಯಾವ ಲೆಕ್ಕಕ್ಕೆ ಯಾವ ಹೆಜ್ಜೆ ಅಂತ ಗೊತ್ತು, ಯಾಕೆ ಅಂತ ಗೊತ್ತಿಲ್ಲ. ಇಲ್ಲಿ ಎಲ್ಲಾ ಪ್ರೂಫ್ ಅಂತೆ. ಮೊದಲನೇ ವಾರದಲ್ಲೇ ಗೊತ್ತಾಗಿಹೋಗುತ್ತೆ ಎಲ್ರಿಗೂ." ಮುಚ್ಚಳ ಕೈಜಾರಿ ಕೆಳಗೆ ಬಿತ್ತು. "ಅಮ್ಮಂಗೆ ಹೇಳ್ಬೇಡ."

ಇಲ್ಲಿ ಒಂದು ವಿಷಯ ಹೇಳಬೇಕು. ಉಮಾ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಎರಡು ವರ್ಷ, ದಿನಾ ಸಂಜೆ ಆರರಿಂದ ಏಳೂವರೆವರೆಗೆ, ಅದೇ ಊಟದ ಟೇಬಲ್ಲಿನ ಮೇಲೆ ಮಗಳಿಗೆ ಲೆಕ್ಕ ಹೇಳಿಕೊಟ್ಟವಳು. ರಿಸಲ್ಟು ಬಂದ ದಿನ ಅವಳು ಸ್ಟಾಫ್ ರೂಮಿಗೆಲ್ಲ ಮೈಸೂರುಪಾಕು ಹಂಚಿದ್ದಳು. ಆ ತೊಂಬತ್ತಾರು ನಮ್ಮ ಮನೆಯಲ್ಲಿ ಮಗಳದ್ದಕ್ಕಿಂತ ಹೆಚ್ಚಾಗಿ ತಾಯಿಯ ಮಾರ್ಕ್ಸು. ಅದರಲ್ಲಿ ಹುಳುಕಿದೆ ಎಂದು ಹೇಳುವ ಧೈರ್ಯ ನನಗೂ ಇರಲಿಲ್ಲ. "ಆಯ್ತು, ಹೇಳಲ್ಲ" ಎಂದುಬಿಟ್ಟೆ. ಅದು ತಪ್ಪೆಂದು ಅವತ್ತೇ ಅನ್ನಿಸಿತ್ತು. ಆದರೆ ನನ್ನ ತಪ್ಪುಗಳೆಲ್ಲ ಸುಮ್ಮನಿರುವುದರಿಂದಲೇ ಆಗುವಂಥವು, ಮಾಡುವಾಗ ಬಹಳ ಆರಾಮವಾಗಿರುತ್ತವೆ.

ಮಾತು ಬದಲಿಸಲು, "ಅಲ್ಲ ಪುಟ್ಟಿ, ಈ ಭಾಷಾವಿಜ್ಞಾನದಲ್ಲಿ ಏನ್ ಮಾಡ್ತಾರೆ ಅಂತ ಒಂದ್ಸಲ ಸರಿಯಾಗಿ ಹೇಳು" ಎಂದೆ. ಅವಳ ಮುಖ ಬದಲಾಯಿತು. "ಅಪ್ಪಾ, 'ಪುಸ್ತಕ'ಕ್ಕೆ ಜೋಡಿ ಏನು?" ಎಂದಳು. ಪುಸ್ತಕ ಗಿಸ್ತಕ ಎಂದೆ. "ಕಾಫಿಗೆ?" ಕಾಫಿ ಗೀಫಿ. "ಊಟಕ್ಕೆ?" ಊಟ ಗೀಟ. "ಯಾರು ಹೇಳಿಕೊಟ್ರು ನಿಂಗೆ ಇದನ್ನ?" ಯಾರೂ ಹೇಳಿಕೊಟ್ಟಿಲ್ಲ. "ಕಾಫಿ ಗಿಫಿ ಯಾಕಲ್ಲ?" ಥೂ, ಹಾಗೆ ಯಾರಂತಾರೆ. "ಅದೇ. ಮೊದಲ ಅಕ್ಷರ ಉದ್ದ ಇದ್ರೆ ಗೀ, ಗಿಡ್ಡ ಇದ್ರೆ ಗಿ. ಈ ರೂಲು ನಿನ್ನ ತಲೇಲಿ ಐವತ್ತು ವರ್ಷದಿಂದ ಇದೆ, ಇದೆ ಅಂತ ನಿಂಗೇ ಗೊತ್ತಿಲ್ಲ. ಅದನ್ನ ಹುಡುಕೋದೇ ಲಿಂಗ್ವಿಸ್ಟಿಕ್ಸ್."

ನನಗೆ ಮೈ ಜುಂ ಎಂದಿತು. ದಿನಾ ಅಂಗಡಿಯಲ್ಲಿ ಕೆಮ್ಮು ಗಿಮ್ಮು, ಮಾತ್ರೆ ಗೀತ್ರೆ, ಇಂಜೆಕ್ಷನ್ ಗಿಂಜೆಕ್ಷನ್ ಎಂದು ನೂರು ಸಲ ಹೇಳುವವನು ನಾನು. ಇಂಗ್ಲಿಷಿನಿಂದ ಬಂದ ಪದಕ್ಕೂ ಬಾಲ ಹಚ್ಚಿ ಕಳಿಸುವಷ್ಟು ಕಾನೂನು ನನ್ನೊಳಗೇ ಇದ್ದರೆ, ಇನ್ನೂ ಏನೇನು ಇರಬಹುದು? ಚಿನ್ನಿ ಅಷ್ಟಕ್ಕೇ ಬಿಡಲಿಲ್ಲ. ಲ್ಯಾಪ್‌ಟಾಪು ತೆರೆದು ಅರ್ಧ ಗಂಟೆಯಲ್ಲಿ ಒಂದು ಪ್ರೋಗ್ರಾಂ ಬರೆದಳು. ನಾವು ಪದ ಕೊಟ್ಟರೆ ಅದು ಜೋಡಿ ಹೇಳುತ್ತದೆ. ಮನೆ ಎಂದು ಕೊಟ್ಟೆವು, ಮನೆ ಗಿನೆ ಎಂದಿತು. ಹಾವು ಗೀವು ಎಂದಿತು. ಸ್ಕೂಟರಿಗೆ ಮಾತ್ರ ಮೊದಲು ತಡವರಿಸಿ ಒತ್ತಕ್ಷರವನ್ನು ಗಾಳಿಯಲ್ಲಿ ನೇತುಹಾಕಿತು. ಅವಳು ಏನೋ ತಿದ್ದಿದ ಮೇಲೆ ಸ್ಕೂಟರ್ ಗೀಟರ್ ಎಂದು ಅಚ್ಚ ಬೆಂಗಳೂರಿನವರ ಹಾಗೆ ಹೇಳಿತು. ನಾನು ಮಗುವಿನ ಹಾಗೆ ಒಂದಾದ ಮೇಲೊಂದು ಪದ ಕೊಡತೊಡಗಿದೆ. ಬಾಲ್ಕನಿಯಲ್ಲಿ ಉಮಾಳ ಕುಂಡಗಳು ಕಣ್ಣಿಗೆ ಬಿದ್ದವು.

"ಗಿಡ ಹಾಕು."

ಚಿನ್ನಿ ಟೈಪ್ ಮಾಡಿದಳು. ಪರದೆಯ ಮೇಲೆ ಬಂದದ್ದು: ಗಿಡ ಗಿಡ.

ಇಬ್ಬರೂ ಅದನ್ನೇ ನೋಡುತ್ತಾ ಕೂತೆವು. ಪ್ರೋಗ್ರಾಂ ತಪ್ಪು ಮಾಡಿರಲಿಲ್ಲ, ಹೇಳಿದ್ದನ್ನೇ ಮಾಡಿತ್ತು. ಗಿ ತೆಗೆದು ಗಿ ಹಾಕಿತ್ತು. ಆದರೆ ಗಿಡ ಗಿಡ ಎಂದರೆ ಪ್ರತಿಯೊಂದು ಗಿಡವೂ ಎಂದಾಯಿತು; ಗಿಡ ಮತ್ತು ಅಂಥದ್ದು ಎಂದು ಆಗಲಿಲ್ಲ. "ಹಾಗಾದ್ರೆ ನಾವೇನಂತೀವಿ?" ಎಂದು ಅವಳು ಕೇಳಿದಳು. ಐವತ್ತು ವರ್ಷ ಕನ್ನಡ ಮಾತಾಡಿದವನು ಒಂದು ಗಿಡದ ಮುಂದೆ ನಿಂತುಬಿಟ್ಟೆ.

ಮರುದಿನದಿಂದ ನನ್ನ ಅಂಗಡಿ ಅಂಗಡಿಯಾಗಿ ಉಳಿಯಲಿಲ್ಲ. ಕೌಂಟರಿಗೆ ಬಂದವರಿಗೆಲ್ಲ ಮೊದಲು ಔಷಧ, ಆಮೇಲೆ ಪ್ರಶ್ನೆ. ಪ್ರಶ್ನೆ ಕೇಳುವುದೂ ಸುಲಭವಲ್ಲ ಎಂದು ಮೊದಲ ದಿನವೇ ತಿಳಿಯಿತು. ಶುಗರಿನ ಮಾತ್ರೆಗೆ ಬಂದ ಒಬ್ಬರಿಗೆ ನೇರವಾಗಿ, "ಸಾರ್, ಗಿಡಕ್ಕೆ ಏನಂತೀರಿ?" ಎಂದೆ. ಅವರು ಹತ್ತಿರ ಬಂದು ದನಿ ತಗ್ಗಿಸಿ, "ಯಾವ ಗಿಡ ಸಾರ್? ಎಲೆ ಅರೆದು ಕುಡೀಬೇಕಾ?" ಎಂದು ಕೇಳಿದರು. ನಾಟಿ ಔಷಧ ಅಲ್ಲ ಎಂದು ನಂಬಿಸಲು ಹತ್ತು ನಿಮಿಷ ಬೇಕಾಯಿತು. ನಂಬಿದರೋ ಇಲ್ಲವೋ, ಮರುದಿನ ಅವರ ಬೀಗರನ್ನು ಕಳಿಸಿದ್ದರು.

ಆಮೇಲೆ ಉಪಾಯ ಕಲಿತೆ. ಮನೆ, ಕಾಫಿ, ಊಟ ಎಂದು ಅಭ್ಯಾಸ ಮಾಡಿಸಿ, ಓಡುವ ಬಂಡಿಗೆ ಅಡ್ಡ ಹಾಕಿದಂತೆ ಥಟ್ಟನೆ ಗಿಡ ಎನ್ನುವುದು. ಬಿಪಿ ಮಾತ್ರೆಗೆ ಬರುವ ಹೂವಿನ ಲಕ್ಷ್ಮಮ್ಮ ತಡಮಾಡದೆ "ಗಿಡ ಪಡ" ಎಂದಳು, ಯಾರಾದರೂ ಬೇರೆ ಏನಾದರೂ ಹೇಳುವುದುಂಟೇ ಎಂಬಂತೆ. ಎದುರಿನ ಅಂಗಡಿಯ ಟೈಲರ್ ಸಲೀಂ ಭಾಯ್ "ಗಿಡ ವಿಡ" ಎಂದು, "ನಮ್ಮನೇಲಿ ಚಾಯ್ ವಾಯ್ ಅಂತೀವಲ್ಲ ಸಾರ್, ಅದೇ ಲೈನಲ್ಲಿ ಬಂತು" ಎಂದು ಕಾರಣವನ್ನೂ ಕೊಟ್ಟರು. ಆಟೋ ಓಡಿಸುವ ಮುರುಗನ ಮನೆಮಾತು ತಮಿಳು. ತಮಿಳಿನಲ್ಲೂ ಇದೇ ಗಿ ಇದೆಯಂತೆ, ಅವನಿಗೂ ಇದೇ ಇಕ್ಕಟ್ಟು. "ಪಾಯಿಂಟ್ ಗುರೂ" ಎಂದು ತಲೆ ಕೆರೆದುಕೊಂಡು ಹೋದವನು ಜಯನಗರ ನಾಲ್ಕನೇ ಬ್ಲಾಕಿನಿಂದ ಫೋನ್ ಮಾಡಿ, ಹಿಂದೆ ಕೂತಿದ್ದ ಮೇಡಂ ಕೂಡ ಗೊತ್ತಿಲ್ಲ ಅಂತಿದಾರೆ ಎಂದು ವರದಿ ಒಪ್ಪಿಸಿದ. ರಿಟೈರ್ಡ್ ಇಂಜಿನಿಯರೊಬ್ಬರು ಮಾತ್ರ, "ಅಂಥಾ ಮಾತೇ ತಪ್ಪು ಕಣ್ರೀ. ಗಿಡಮರ ಅನ್ನಿ, ಮುಗೀತು" ಎಂದು ಪ್ರಶ್ನೆಯನ್ನೇ ಕೆಡವಿ ಹೋದರು. ನಾನು ಎಲ್ಲವನ್ನೂ ಹಳೆಯ ಡೈರಿಯೊಂದರಲ್ಲಿ ಬರೆದುಕೊಂಡು ಸಂಜೆ ಚಿನ್ನಿಗೆ ಒಪ್ಪಿಸುತ್ತಿದ್ದೆ. ಅವಳು ಅದನ್ನು ಲ್ಯಾಪ್‌ಟಾಪಿಗೆ ಹಾಕಿಕೊಳ್ಳುತ್ತಿದ್ದಳು. ತಂದೆ ಮಗಳು ಇಷ್ಟೊಂದು ಮಾತಾಡಿ ಎಷ್ಟು ವರ್ಷವಾಗಿತ್ತೋ.

ಈ ಖುಷಿಯ ಕೆಳಗೆ ಭಾನುವಾರದ ಮಾತು ಕೂತೇ ಇತ್ತು. ಅವಳ ಹಾಳೆಯಲ್ಲಿ ಗಣಿತ ಬಂದಿರಲಿಲ್ಲ.

ಗುರುವಾರ ಸಂಜೆ ಉಮಾ ಕ್ಲಾಸ್ ಟೆಸ್ಟಿನ ಪೇಪರುಗಳನ್ನು ತಿದ್ದುತ್ತಾ ಕೂತಿದ್ದಳು. ನಾವಿಬ್ಬರೂ ಪಕ್ಕದಲ್ಲಿ ಗಿಡ ಪಡ, ಗಿಡ ವಿಡ ಎಂದು ವಾದ ಮಾಡುತ್ತಿದ್ದೆವು. ಅವಳು ಕೆಂಪು ಪೆನ್ನು ಎತ್ತಿಟ್ಟು, "ಏನ್ರೀ ಅದು ನಾಲ್ಕು ದಿನದಿಂದ? ನನಗೂ ಹೇಳಿ" ಎಂದಳು. ಚಿನ್ನಿ ವಿವರಿಸಿದಳು. ಉಮಾ ಕೇಳಿಸಿಕೊಂಡು, ಕ್ಯಾಲೆಂಡರಿನ ಹಳೆಯ ಹಾಳೆಯೊಂದನ್ನು ತಿರುವಿ ಹಾಕಿ, ಎಡಕ್ಕೊಂದು ಬಲಕ್ಕೊಂದು ದೊಡ್ಡ ವೃತ್ತ ಎಳೆದಳು.

"ಎಡಗಡೆ ಪದ, ಬಲಗಡೆ ಜೋಡಿ. ಮನೆ ಎಲ್ಲಿಗೆ ಹೋಗುತ್ತೆ?"

"ಗಿನೆಗೆ."

"ಕೊನೆ?"

"ಅದೂ ಗಿನೆಗೇ."

"ತೆನೆ?"

"ಅದೂನೂ."

"ಈಗ ನಾನು ಬಲಗಡೆ ನಿಂತ್ಕೊಂಡು ಗಿನೆ ಅಂತೀನಿ. ಎಡಗಡೆ ಯಾವುದಿತ್ತು ಹೇಳು."

"ಹೇಳೋಕಾಗಲ್ಲ." ಚಿನ್ನಿ ಮುಂದಕ್ಕೆ ಬಾಗಿದಳು. "ವಾಪಸ್ ಬರೋ ದಾರಿ ಇಲ್ಲ."

"ಇಲ್ಲ. ಇನ್ನೊಂದು ನೋಡು. ಒಂದೇ ಪದ ಎರಡು ಸಲ ಹೇಳೋದು ಬೇರೆ ರೂಲು, ಅಲ್ವಾ? ಮನೆ ಮನೆ ಅನ್ನೋ ಹಾಗೆ. ಆ ರೂಲೂ ಈ ರೂಲೂ ಬೇರೆ ಬೇರೆ ಉತ್ತರ ಕೊಡೋತನಕ ಜನಕ್ಕೆ ಅರ್ಥ ಆಗುತ್ತೆ. ಗಿಡದ ಹತ್ರ ಬಂದಾಗ ಎರಡೂ ಒಂದೇ ಉತ್ತರ ಕೊಡ್ತಿವೆ. ಅದಕ್ಕೇ ಜನ ಅಲ್ಲಿ ದಾರಿ ಬಿಟ್ಟು ಪ ಹಾಕ್ತಾರೆ, ವ ಹಾಕ್ತಾರೆ. ಹಾಗಿರಬಹುದಾ?"

ಚಿನ್ನಿಯ ಕಣ್ಣು, ಉಮಾ ಎಡದಿಂದ ಬಲಕ್ಕೆ ಎಳೆದಿದ್ದ ಬಾಣದ ಗುರುತುಗಳ ಮೇಲೆ ಓಡಾಡುತ್ತಿತ್ತು. ಹುಡುಗಿ ಚಿಕ್ಕವಳಿದ್ದಾಗ ಮೊದಲ ಬಾರಿ ನನ್ನ ಅಂಗಡಿಯ ಬೋರ್ಡು ಓದಿದ ದಿನ ಹೀಗೇ ನೋಡಿದ್ದಳು. "ಅಮ್ಮಾ, ಇದನ್ನೆಲ್ಲ ಎಲ್ಲಿ ಹೇಳಿಕೊಡ್ತಾರೆ? ಈ ವಾಪಸ್ ಬರೋದು, ಬರದೇ ಇರೋದು?"

"ಇನ್ನೆಲ್ಲಿ? ನಿನ್ನ ಡಿಸ್ಕ್ರೀಟ್ ಮ್ಯಾತ್ಸಲ್ಲೇ ಮೊದಲನೇ ಪಾಠ ಇದು. ತಗೋತಿದೀಯಲ್ಲ."

ನಾನು ನನ್ನ ಕನ್ನಡಕ ಒರೆಸತೊಡಗಿದೆ. ಚಿನ್ನಿ ಒಮ್ಮೆ ನನ್ನ ಕಡೆ ನೋಡಿದಳು. ಆಮೇಲೆ, ನನಗಿಂತ ಎಷ್ಟೋ ಧೈರ್ಯವಂತೆ ಅವಳು, ಎಲ್ಲವನ್ನೂ ಹೇಳಿದಳು. ತೊಂಬತ್ತಾರು, ನೆನಪಿಟ್ಟು ಬರೆದದ್ದು, ಭಯ, ಎಲ್ಲ. ಕೊನೆಗೆ "ಸಾರಿ ಅಮ್ಮಾ" ಎಂದಳು.

ಉಮಾ ಬಯ್ಯಲಿಲ್ಲ. ಎದ್ದು ಹೋಗಿ, ತೊಳೆದಿಟ್ಟಿದ್ದ ಲೋಟಗಳನ್ನೇ ಇನ್ನೊಮ್ಮೆ ತೊಳೆದಳು. ವಾಪಸು ಬಂದಾಗ ಕೇಳಿದ್ದು ನನ್ನನ್ನು. "ನಿಮಗೆ ಯಾವಾಗ ಗೊತ್ತಾಯ್ತು?"

"ಭಾನುವಾರ."

"ಇವತ್ತು ಗುರುವಾರ."

ಹೌದು ಎಂದೆ. ಗಣಿತದ ಟೀಚರಿಗೆ ಅದಕ್ಕಿಂತ ಹೆಚ್ಚು ವಿವರ ಬೇಕಿರಲಿಲ್ಲ. ಅವತ್ತು ಊಟಕ್ಕೆ ಕೂತಾಗ ನನ್ನ ತಟ್ಟೆಗೆ ಬೆಳಗಿನ ಉಪ್ಪಿಟ್ಟು ಬಂತು, ಬಿಸಿ ಮಾಡದೆ.

ಮರುದಿನ ಬೆಳಗ್ಗೆ ಅವಳು ಸ್ಕೂಲಿಗೆ ಹೊರಡುವ ಮುಂಚೆ ಚಿನ್ನಿಯ ಕೋಣೆಗೆ ಹೋದಳು. ನಾನು ಪೂಜೆಗೆ ಕೂತಿದ್ದೆ. ವಿಭೂತಿ ಗಟ್ಟಿ ಕೈಯಲ್ಲೇ ಇತ್ತು, ಕಿವಿ ಮಾತ್ರ ಆ ಕೋಣೆಯಲ್ಲಿತ್ತು.

"ನಾನು ಪ್ರತಿ ಲೆಕ್ಕ ಆದ್ಮೇಲೂ ಅರ್ಥ ಆಯ್ತಾ ಅಂತ ಕೇಳ್ತಿದ್ದೆ. ನೀನು ಹೂಂ ಅಂತಿದ್ದೆ. ಸ್ಕೂಲಲ್ಲಿ ಒಂದು ಪೀರಿಯಡ್ಡಿಗೆ ನಲವತ್ತು ಹೂಂ ಕೇಳಿಸ್ಕೋತೀನಿ ಕಣೇ. ಒಂದನ್ನೂ ನಂಬಲ್ಲ. ಎಬ್ಬಿಸಿ ನಿಲ್ಲಿಸಿ ಬೋರ್ಡ್ ಹತ್ರ ಕರೀತೀನಿ. ಮನೇಲಿ ನಂಬಿಬಿಟ್ಟೆ."

"ಇಲ್ಲ ಅಂದ್ರೆ ನೀನು ಮತ್ತೆ ಮೊದಲಿಂದ ಶುರು ಮಾಡ್ತಿದ್ದೆ ಅಮ್ಮಾ. ಹೊಟ್ಟೆ ಹಸೀತಿತ್ತು."

ನಗು ಕೇಳಿಸಿತು. ಯಾರದೆಂದು ಹೇಳಲಾರೆ, ಇಬ್ಬರ ನಗುವೂ ಒಂದೇ ತರಹ. ಆಮೇಲೆ ಉಮಾ ಹೇಳಿದಳು: "ತಗೋ ಅಂತ ಹೇಳಲ್ಲ. ಬೇಡ ಅಂತಾನೂ ಹೇಳಲ್ಲ. ನನಗೆ ಬೇಜಾರಾಗುತ್ತೆ ಅಂತ ತಗೋಬೇಡ. ನನಗೆ ಗೊತ್ತಾಗಿಬಿಡುತ್ತೆ ಅಂತ ಬಿಡಲೂ ಬೇಡ. ಗೊತ್ತಾಗಿ ಆಯ್ತಲ್ಲ ಈಗ."

ಸೋಮವಾರ ಬೆಳಗ್ಗೆ ಒಂಬತ್ತೂವರೆಗೆ ನಮ್ಮ ಮನೆಯ ಇಂಟರ್‌ನೆಟ್ಟು ಕೈಕೊಟ್ಟಿತು. ಚಿನ್ನಿ ಲ್ಯಾಪ್‌ಟಾಪು ಎದೆಗವಚಿಕೊಂಡು ನನ್ನ ಸ್ಕೂಟರಿನ ಹಿಂದೆ ಕೂತಳು. ಹತ್ತಕ್ಕೆ ಐದು ನಿಮಿಷ ಇರುವಾಗ ಅಂಗಡಿ ತಲುಪಿ, ಮಾತ್ರೆಗಳ ಕಪಾಟಿನ ಪಕ್ಕ ಸ್ಟೂಲು ಹಾಕಿ ಕೂರಿಸಿದೆ. ಹತ್ತಕ್ಕೆ ಪುಟ ತೆರೆಯಿತು. ಭಾಷಾವಿಜ್ಞಾನ ಒತ್ತಿದಳು, ಸಿಕ್ಕಿತು. ಪ್ರೋಗ್ರಾಮಿಂಗ್ ಒತ್ತಿದಳು, ಅದೂ ಸಿಕ್ಕಿತು. ಉಳಿದದ್ದು ಒಂದು. ಪರದೆಯ ಮೇಲೆ ತಮಿಳಿಗೆ ಹನ್ನೊಂದು ಸೀಟು, ಡಿಸ್ಕ್ರೀಟ್ ಮ್ಯಾತ್ಸಿಗೆ ಆರು.

ಅದೇ ಹೊತ್ತಿಗೆ ಒಬ್ಬ ಅಜ್ಜಿ ಬಂದು, "ಅಣ್ಣಾ, ಕೆಮ್ಮಿಗೆ ಏನಾದ್ರೂ ಕೊಡಪ್ಪಾ" ಎಂದು ನಿಂತರು. ಒಣ ಕೆಮ್ಮೋ ಕಫದ ಕೆಮ್ಮೋ ಎಂದು ಕೇಳಬೇಕಾದವನು, "ಐದಾಯ್ತು, ಐದಾಯ್ತು" ಎಂದೆ. ಅಜ್ಜಿ, "ಐದಲ್ಲ, ಹತ್ತು ದಿನ ಆಯ್ತು" ಎಂದರು. ಚಿನ್ನಿ ಬೆರಳು ಎತ್ತಿ ಹಿಡಿದು ಕೂತಿದ್ದಳು. ತಮಿಳನ್ನು ನೋಡಿದಳು. ನಾಲ್ಕಾಯ್ತು. ನಾನು ಅವಳ ಮುಖ ನೋಡಬಾರದೆಂದು ಅಜ್ಜಿಯ ಕಡೆ ತಿರುಗಿ, ರಾತ್ರಿ ಮಲಗಿದಾಗ ಕೆಮ್ಮು ಜಾಸ್ತಿಯೇ ಎಂದು ಬಹಳ ಕಾಳಜಿಯಿಂದ ವಿಚಾರಿಸಿದೆ. ಹಿಂದಿನಿಂದ ಟಕ್ಕೆಂದು ಒಂದು ಸದ್ದು ಬಂತು. ಆಮೇಲೆ ಉಸಿರು ಬಿಟ್ಟ ಸದ್ದು.

"ಯಾವುದು?" ಎಂದೆ, ತಿರುಗದೆ.

"ಮ್ಯಾತ್ಸು."

"ತಮಿಳು?"

"ಮುಂದಿನ ಸೆಮ್ ಇದೆ ಅಪ್ಪಾ, ಸಣ್ಣಕ್ಷರ ಓದಿದೀನಿ. ಅಲ್ಲೀತನಕ ಮುರುಗಣ್ಣ ಇದಾರಲ್ಲ."

ಅಜ್ಜಿ ಸಿರಪ್ಪಿನ ಬಾಟಲಿ ಸೆರಗಿನಲ್ಲಿ ಸುತ್ತಿಕೊಳ್ಳುತ್ತಾ, "ಏನಮ್ಮಾ, ಪಾಸಾದ್ಯಾ?" ಎಂದು ಚಿನ್ನಿಯನ್ನು ಕೇಳಿದರು. "ಇನ್ನೂ ಶುರುವೇ ಆಗಿಲ್ಲ ಅಜ್ಜಿ" ಎಂದಳು ಅವಳು. ಉಮಾಗೆ ಮೆಸೇಜು ಕಳಿಸಿದೆವು. ಸ್ಕೂಲಿನಲ್ಲಿ ಫೋನು ಮುಟ್ಟದವಳು, ಮಧ್ಯಾಹ್ನ ಊಟದ ಬೆಲ್ಲು ಹೊಡೆದ ಮೇಲೆ "ಸರಿ" ಎಂದು ಒಂದೇ ಪದ ಕಳಿಸಿದಳು. ಅವತ್ತು ಸಂಜೆ ನನಗೆ ಬಿಸಿ ಊಟ ಸಿಕ್ಕಿತು.

ಆಗಸ್ಟಿನಲ್ಲಿ ಕ್ಲಾಸು ಶುರುವಾಯಿತು. ಮೆಟ್ರೋ ಇಳಿದು ಮತ್ತೊಂದು ಬಸ್ಸು ಹಿಡಿದು ಹೋಗಬೇಕು. ಗಿಡದ ಪ್ರಶ್ನೆಯನ್ನು ಚಿನ್ನಿ ಭಾಷಾವಿಜ್ಞಾನದ ಮೇಡಂ ಮುಂದೆ ಇಟ್ಟಳಂತೆ. ಅವರು ಉತ್ತರ ಕೊಡುವ ಬದಲು, ನಿಮ್ಮ ತಂದೆ ಎಷ್ಟು ಜನರನ್ನು ಕೇಳಿದರು, ಅವರ ಮನೆಮಾತು ಏನು, ವಯಸ್ಸೆಷ್ಟು ಎಂದು ಕೇಳಿ, ಇನ್ನೂ ಐವತ್ತು ಜನರನ್ನು ಕೇಳಿಸು ಎಂದರಂತೆ. ನನ್ನ ಡೈರಿಗೆ ಮೂರು ಕಾಲಮ್ಮು ಹೆಚ್ಚಾಯಿತು. ಗಣಿತದ ಮೊದಲ ಕ್ವಿಜ್ಜಿನಲ್ಲಿ ಅವಳಿಗೆ ಇಪ್ಪತ್ತಕ್ಕೆ ಒಂಬತ್ತು ಬಂತು. ಯಾರೂ ಕೇಳುವ ಮುಂಚೆ ಅವಳೇ ಬಂದು ಹೇಳಿದಳು. ಮೈಸೂರುಪಾಕು ಹಂಚುವ ಮಾರ್ಕ್ಸಲ್ಲ. ಉಮಾ ಉತ್ತರಪತ್ರಿಕೆ ಇಸಿದುಕೊಂಡು, ತಪ್ಪಾದ ಹನ್ನೊಂದನ್ನು ಬಿಟ್ಟು ಸರಿಯಾದ ಒಂಬತ್ತನ್ನೇ ನಿಧಾನವಾಗಿ ಓದಿದಳು.

ಈಗ ವಾರಕ್ಕೆರಡು ಸಂಜೆ ಊಟದ ಟೇಬಲ್ಲಿನ ಹತ್ತಿರ ಒಂದು ಹೊಸ ಪದ್ಧತಿ. ಚಿನ್ನಿ ನಿಂತುಕೊಂಡು ಅವತ್ತು ಕಲಿತದ್ದನ್ನು ಹೇಳುತ್ತಾಳೆ, ಉಮಾ ವಿದ್ಯಾರ್ಥಿನಿಯ ಹಾಗೆ ನೋಟ್‌ಬುಕ್ಕು ಇಟ್ಟುಕೊಂಡು ಕೂರುತ್ತಾಳೆ. ಡಿಸ್ಕ್ರೀಟ್ ಮ್ಯಾತ್ಸಿನ ಮುಂದಿನ ಪಾಠಗಳನ್ನು ತಾನು ಓದಿದ ಕಾಲದಲ್ಲಿ ಹೀಗೆ ಹೇಳಿಕೊಟ್ಟಿರಲಿಲ್ಲ ಎನ್ನುತ್ತಾಳೆ. ನಾನು ಕೊನೆಯ ಬೆಂಚು, ಬಟಾಣಿ ಸುಲಿಯುವ ಕೆಲಸ ನನ್ನದು.

ಮೊನ್ನೆ ಪ್ರೂಫು ಯಾವುದೋ ನಡೆಯುತ್ತಿತ್ತು. ಉಮಾ ಕೈ ಎತ್ತಿದಳು. "ಈ ಹೆಜ್ಜೆ ಯಾಕೆ? ಮೂರನೇ ಸಾಲಿಂದ ಸೀದಾ ಐದನೇದಕ್ಕೆ ಹೋಗ್ಬಹುದಲ್ಲ?"

ಚಿನ್ನಿ ಬರೆದದ್ದನ್ನು ನೋಡಿದಳು. ಪೆನ್ನು ಕೆಳಗಿಟ್ಟಳು.

"ಗೊತ್ತಿಲ್ಲ ಅಮ್ಮಾ. ನಾಳೆ ಕೇಳ್ಕೊಂಡು ಬರ್ತೀನಿ."

ನಾನು ಬಟಾಣಿ ಸುಲಿಯುವುದನ್ನು ನಿಲ್ಲಿಸಿದೆ. ಔಷಧಿ ಅಂಗಡಿಯವನು ಗೊತ್ತಿಲ್ಲ ಎಂದರೆ ಜನ ಪಕ್ಕದ ಅಂಗಡಿಗೆ ಹೋಗುತ್ತಾರೆ. ಟೀಚರು ಗೊತ್ತಿಲ್ಲ ಎಂದರೆ ಹಿಂದಿನ ಬೆಂಚಿನಲ್ಲಿ ಗುಸುಗುಸು ಶುರುವಾಗುತ್ತದೆ. ಹೀಗಾಗಿ ನಾವಿಬ್ಬರೂ ಕಟ್ಟಿದ ಈ ಮನೆಯಲ್ಲಿ ಹದಿನೆಂಟು ವರ್ಷ ಆ ಮಾತನ್ನು ಯಾರೂ ಇಷ್ಟು ನಿರಾಳವಾಗಿ ಆಡಿದ್ದು ನನಗೆ ನೆನಪಿಲ್ಲ. ಉಮಾ ತನ್ನ ನೋಟ್‌ಬುಕ್ಕಿನಲ್ಲಿ ನಾಲ್ಕನೇ ಸಾಲಿನ ಜಾಗ ಖಾಲಿ ಬಿಟ್ಟು, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, "ಸರಿ ಮೇಡಂ, ಮುಂದಕ್ಕೆ ಹೋಗಿ" ಎಂದಳು.